ಹದಿಮೂರು ತಂಡಗಳ ಆಟಗಾರ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಇರುವುದು 30 ತಂಡಗಳು. ಅವುಗಳಲ್ಲಿ 13 ತಂಡಗಳ ಪರವಾಗಿ ಆಡಿದ ಒಬ್ಬರಿದ್ದಾರೆ. ಹೆಸರು ಇಶ್ ಸ್ಮಿತ್. ಇಷ್ಟು ತಂಡಗಳಿಗೆ ಆಡಿದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಅದಕ್ಕೆ ಮೊದಲು ಹನ್ನೆರಡಕ್ಕೆ ನಿಂತವರು ಚಕ್ಕಿ ಬ್ರೌನ್, ಟೋನಿ ಮ್ಯಾಸನ್‌ಬರ್ಗ್, ಜಿಮ್ ಜಾಕ್ಸನ್ ಮತ್ತು ಜೋ ಸ್ಮಿತ್. ಈ ಜೋ ಸ್ಮಿತ್ 1995ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ವರ್ಷದ ಆಯ್ಕೆಯಲ್ಲಿ, ಎಲ್ಲರಿಗಿಂತ ಮೊದಲು ಆಯ್ಕೆಯಾದವರು. ಮೊದಲ ಮಣೆ ಸಿಕ್ಕವರಿಗೂ ಅಲೆದಾಟ ತಪ್ಪಲಿಲ್ಲ ಎನ್ನಿ.

ಇಶ್ ಸ್ಮಿತ್ ಅವರಿಗೆ ಮಣೆಯೇ ಸಿಗಲಿಲ್ಲ. 2010ರ ಡ್ರಾಫ್ಟ್‌ನಲ್ಲಿ ಅರವತ್ತು ಹೆಸರುಗಳನ್ನು ಕೂಗಿದರು, ಅವುಗಳಲ್ಲಿ ಅವರದಿರಲಿಲ್ಲ. ಎತ್ತರ ಆರು ಅಡಿ. ನಮ್ಮ ನಿಮ್ಮ ನಡುವೆ ನಿಂತರೆ ಎತ್ತರದ ಆಳೇ, ಆ ಅಂಗಳದಲ್ಲಿ ಮಾತ್ರ ಕುಳ್ಳ. ದೂರದಿಂದ ಚೆಂಡೆಸೆದು ಬುಟ್ಟಿಗೆ ಹಾಕುವುದರಲ್ಲಿ ಅಂಥ ಹೆಸರೇನೂ ಇಲ್ಲ. ಇದ್ದದ್ದು ಓಟ. ಚೆಂಡು ಕೈಗೆ ಬಂದದ್ದೇ ತಡ, ಎದುರಾಳಿಗಳು ಜಾಗ ಹಿಡಿಯುವ ಮೊದಲೇ ಬುಟ್ಟಿಯ ಬುಡದಲ್ಲಿ ಇರುತ್ತಿದ್ದರು.

ಇಂಥ ಆಟಗಾರರು ಇಷ್ಟು ಊರು ಸುತ್ತುವುದೇಕೆ? ಆಟ ಬಾರದೆ ಎಂದು ಹಲವರು ತಿಳಿದಿದ್ದಾರೆ. ಅರ್ಧ ಕಾರಣ ಲೆಕ್ಕಪತ್ರದಲ್ಲಿದೆ. ಎರಡು ತಂಡಗಳು ಆಟಗಾರರನ್ನು ಅದಲು ಬದಲು ಮಾಡಿಕೊಳ್ಳುವಾಗ ಎರಡೂ ಕಡೆಯ ಸಂಬಳದ ಮೊತ್ತ ಹೆಚ್ಚುಕಡಿಮೆ ಹೊಂದಬೇಕೆಂಬ ನಿಯಮವಿದೆ. ದೊಡ್ಡ ಆಟಗಾರನ ಲೆಕ್ಕ ಸರಿದೂಗದಿದ್ದರೆ ಸಣ್ಣ ಸಂಬಳದವರನ್ನು ಚಿಲ್ಲರೆಯಂತೆ ಸೇರಿಸಿ ಕೊಡುತ್ತಾರೆ. ಅವರ ಒಪ್ಪಿಗೆ ಕೇಳುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಸುದ್ದಿ ಬಂದ ಮೇಲೆ ಗಂಟುಮೂಟೆ ಕಟ್ಟಿ ಹೊಸ ಊರಿಗೆ ಹೋಗಬೇಕು, ವೈದ್ಯರ ಪರೀಕ್ಷೆಯಲ್ಲಿ ಪಾಸಾಗಬೇಕು. ಬಾಡಿಗೆ ಮನೆ, ಮಕ್ಕಳ ಶಾಲೆ ಎಲ್ಲ ಹಿಂದಿನ ಊರಿನಲ್ಲೇ ಉಳಿಯುತ್ತವೆ.

ಅದಕ್ಕಿಂತ ಬಿಗಿಯಾದದ್ದು ಹತ್ತು ದಿನದ ಒಪ್ಪಂದ. ಜನವರಿ ಮೊದಲ ವಾರ ಕಳೆಯುತ್ತಿದ್ದಂತೆ ತಂಡಗಳು ಹತ್ತೇ ದಿನದ ಮಟ್ಟಿಗೆ ಆಟಗಾರರನ್ನು ಕರೆಯಬಹುದು. ಹಾಗೆ ಎರಡು ಸಲ ಕರೆದ ಮೇಲೆ ಋತು ಮುಗಿಯುವ ತನಕ ಇಟ್ಟುಕೊಳ್ಳಬೇಕು, ಇಲ್ಲವೇ ಬಿಟ್ಟುಬಿಡಬೇಕು. ಚಕ್ಕಿ ಬ್ರೌನ್ 1995ರಲ್ಲಿ ಕೆಳಹಂತದ ಲೀಗ್‌ನಿಂದ ಹೀಗೆಯೇ ಹ್ಯೂಸ್ಟನ್ ತಂಡಕ್ಕೆ ಬಂದರು. ಬಂದವರು ಉಳಿದರು. ಆ ವರ್ಷ ಹ್ಯೂಸ್ಟನ್ ಚಾಂಪಿಯನ್ ಆಯಿತು.

ಉಳಿಯುವುದು ಹೇಗೆ ಎಂಬುದೇ ನನಗೆ ಈ ವೃತ್ತಿಯಲ್ಲಿ ಕಾಣುವ ನಿಜವಾದ ಕುಶಲತೆ. ಇಶ್ ಸ್ಮಿತ್ ಆಡಿದ್ದು ಪಾಯಿಂಟ್ ಗಾರ್ಡ್ ಜಾಗದಲ್ಲಿ. ಯಾರು ಎಲ್ಲಿಗೆ ಓಡಬೇಕು, ಯಾರು ಯಾರಿಗೆ ಅಡ್ಡ ನಿಲ್ಲಬೇಕು ಎಂದು ಉಳಿದ ನಾಲ್ವರಿಗೆ ಹೇಳಬೇಕಾದವರು ಇವರೇ. ಒಂದು ತಂಡದಲ್ಲಿ ಮುಷ್ಟಿ ಎತ್ತಿ ಸೂಚಿಸುವ ತಂತ್ರಕ್ಕೆ ಇನ್ನೊಂದು ತಂಡದಲ್ಲಿ ಬೇರೆಯೇ ಸನ್ನೆ, ಬೇರೆಯೇ ಹೆಸರು ಇರಬಹುದು. ಎಂಟು ಸೆಕೆಂಡಿನೊಳಗೆ ಚೆಂಡು ಅಂಗಳದ ನಡುಗೆರೆ ದಾಟಬೇಕು, ಇಪ್ಪತ್ನಾಲ್ಕು ಸೆಕೆಂಡಿನೊಳಗೆ ಬುಟ್ಟಿಯತ್ತ ಎಸೆಯಬೇಕು. ನಿನ್ನೆ ಮೊನ್ನೆ ಪರಿಚಯವಾದವರಿಗೆ, ಹೊಸದಾಗಿ ಕಲಿತ ಸನ್ನೆಯಲ್ಲಿ, ಸಾವಿರಾರು ಜನರ ಗದ್ದಲದ ನಡುವೆ ಅಪ್ಪಣೆ ಕೊಡಬೇಕು. ಹಳೆಯ ತಂಡದ ಸನ್ನೆ ಕೈತಪ್ಪಿ ಬಂದರೆ ಇಬ್ಬರು ಒಂದೇ ಮೂಲೆಗೆ ಓಡುತ್ತಾರೆ, ಚೆಂಡು ಪ್ರೇಕ್ಷಕರ ಮಡಿಲಿಗೆ ಬೀಳುತ್ತದೆ.

ಇದು ಎಷ್ಟು ಬೆಲೆಬಾಳುತ್ತದೆ ಎನ್ನುವುದಕ್ಕೆ ಫಿಲಡೆಲ್ಫಿಯಾದ ಪ್ರಸಂಗ ಸಾಕು. 2015ರ ಬೇಸಿಗೆಯಲ್ಲಿ ಒಪ್ಪಂದ ಮುಗಿದ ಇಶ್ ಸ್ಮಿತ್ ಅವರನ್ನು ಆ ತಂಡ ಸುಮ್ಮನೆ ಹೋಗಲು ಬಿಟ್ಟಿತು. ಡಿಸೆಂಬರ್ ಹೊತ್ತಿಗೆ ಅದು ಗೆದ್ದಿದ್ದದ್ದು ಒಂದೇ ಒಂದು ಪಂದ್ಯ. ತಂಡದ ಹುಡುಗರಿಗೆ ಚೆಂಡು ತಲುಪಿಸುವವರೇ ಇರಲಿಲ್ಲ. ಕೊನೆಗೆ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ ಹೊಸಬರನ್ನು ಆರಿಸುವ ಎರಡು ಹಕ್ಕುಗಳನ್ನು ತೆತ್ತು ಅವರನ್ನೇ ವಾಪಸು ಕರೆಸಿಕೊಂಡಿತು. ಪುಕ್ಕಟೆ ಉಳಿಸಿಕೊಳ್ಳಬಹುದಾಗಿದ್ದವರಿಗೆ ಈ ದಂಡ! ಆ ಋತುವಿನ 82 ಪಂದ್ಯಗಳು ಮುಗಿದಾಗ ಗೆಲುವು ಹತ್ತಕ್ಕೆ ಏರಿತ್ತು. ಹತ್ತೇನು ಮಹಾ ಎನ್ನಬಹುದು. ಒಂದರ ಪಕ್ಕದಲ್ಲಿಟ್ಟು ನೋಡಿ. ಮರುವರ್ಷ ಡೆಟ್ರಾಯಿಟ್ ಅವರಿಗೆ ಮೂರು ವರ್ಷದ ಒಪ್ಪಂದ ಕೊಟ್ಟಿತು. ಆರು ವರ್ಷ ಅಲೆದ ಮೇಲೆ ಒಂದೇ ಊರಿನಲ್ಲಿ ಮೂರು ವರ್ಷ.

ಹದಿಮೂರು ತಂಡಗಳು ಬಿಟ್ಟುಕೊಟ್ಟವು ಎಂದು ಮರುಗುವವರಿಗೆ ನನ್ನದೊಂದು ಮಾತು: ಹದಿಮೂರು ತಂಡಗಳು ಕರೆದದ್ದೂ ಹೌದಲ್ಲ?

ಹದಿಮೂರನೆಯದು ಡೆನ್ವರ್. 2022ರಲ್ಲಿ ವಾಷಿಂಗ್ಟನ್ ತಂಡ ಅವರನ್ನು ಇನ್ನೊಬ್ಬ ಆಟಗಾರರ ಜೊತೆಗೆ ಅಲ್ಲಿಗೆ ಕಳುಹಿಸಿತು. ಅಲ್ಲಿ ಅವರಿಗೆ ಆಟಕ್ಕಿಂತ ಬೆಂಚೇ ಹೆಚ್ಚು. ಆದರೂ 2023ರ ಜೂನ್‌ನಲ್ಲಿ ಡೆನ್ವರ್ ಅಂತಿಮ ಸರಣಿಯಲ್ಲಿ ಮಯಾಮಿಯನ್ನು 4-1ರಿಂದ ಮಣಿಸಿ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಾಗ, ಚಾಂಪಿಯನ್ನರ ಉಂಗುರ ಅವರಿಗೂ ಬಂತು. ಆಗ ವಯಸ್ಸು 34.

ಅಷ್ಟಾದರೂ ಹೊಸ ಋತು ಆರಂಭವಾದಾಗ ಅವರ ಕೈಯಲ್ಲಿ ಕೆಲಸವಿರಲಿಲ್ಲ. ನವೆಂಬರ್‌ನಲ್ಲಿ ಕರೆ ಬಂದದ್ದು ಶಾರ್ಲೆಟ್‌ನಿಂದ, ಅವರು ಹುಟ್ಟಿ ಬೆಳೆದ ಕಡೆಯಿಂದ. ಹಿಂದೆಯೇ ಆಡಿದ್ದ ತಂಡವಾದ್ದರಿಂದ ಲೆಕ್ಕ ಹದಿಮೂರರಿಂದ ಮೇಲೇರಲಿಲ್ಲ.

ನಮಸ್ಕಾರ.