ಘಟ್ಟದ ಕೆಳಗಿನ ರೈಲು, ನೋಡಲು ಬಂದವರು

ಕೇಳುಗರೆ, ನಮಸ್ಕಾರ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ ಇಳಿಯುವ ರೈಲುದಾರಿಯ ಫೋಟೋ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಹಸಿರು ಕಣಿವೆ, ಎತ್ತರದ ಸೇತುವೆ, ಸುರಂಗದ ಬಾಯಲ್ಲಿ ಮಂಜು. ಆದರೆ ಈ ದಾರಿಯನ್ನು ಯಾರೂ ನೋಡಲಿ ಅಂತ ಕಟ್ಟಿದ್ದಲ್ಲ. ಕಟ್ಟಿದ್ದು ಬಂದರಿಗಾಗಿ. ಪಣಂಬೂರಿನ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾಯಿತು. ಅಲ್ಲಿಗೆ ಒಳನಾಡಿನ ಸರಕು ಇಳಿಯಬೇಕು, ಅಲ್ಲಿಂದ ಗೊಬ್ಬರ, ಎಣ್ಣೆ ಮೇಲೆ ಬರಬೇಕು. ಹಾಸನ–ಮಂಗಳೂರು ಮೀಟರ್ ಗೇಜ್ ಹಳಿ ಪೂರ್ತಿಯಾಗಿದ್ದು 1979ರಲ್ಲಿ. ತಮಾಷೆ ನೋಡಿ, ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಅದಿರು ಮಾತ್ರ ರೈಲು ಹತ್ತಲೇ ಇಲ್ಲ. ನೀರಿನಲ್ಲಿ ಕಲಸಿಕೊಂಡು ಕೊಳವೆಯಲ್ಲೇ ಪಣಂಬೂರಿಗೆ ಹೋಯಿತು.

ಆಗ ಈ ಗಾಡಿ ಹತ್ತಿದವರನ್ನು ಯಾರೂ ಪ್ರವಾಸಿಗರು ಅನ್ನುತ್ತಿರಲಿಲ್ಲ. ಕುಕ್ಕೆಗೆ ಹರಕೆ ತೀರಿಸಲು ಹೋಗುವವರು, ಘಟ್ಟದ ಕೆಳಗೆ ನೆಂಟರಿದ್ದವರು, ಮಂಗಳೂರಿನ ಆಸ್ಪತ್ರೆಗೆ ಹೊರಟವರು. ಕಿಟಕಿಯಾಚೆ ಜಲಪಾತ ಕಂಡರೆ ಕೈ ಮುಗಿದು ಮತ್ತೆ ಬುತ್ತಿ ಬಿಚ್ಚುತ್ತಿದ್ದರು. ನನಗೆ ಕೇಳಿದರೆ ಇಲ್ಲಿಯ ಮೊದಲ ಪ್ರವಾಸಿಗರು ಅವರೇ.

1996ರಲ್ಲಿ ಹಳಿ ಅಗಲಿಸಿ ಬ್ರಾಡ್ ಗೇಜ್ ಮಾಡಲು ಘಾಟಿಯ ರೈಲುದಾರಿ ಮುಚ್ಚಿದರು. ಕೆಲಸ ಎಳೆಯಿತು. ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ. ರೈಲಿಲ್ಲದ ಆ ವರ್ಷಗಳಲ್ಲೇ ಈ ದಾರಿ ಹೆಸರುವಾಸಿಯಾಯಿತು! ಬೆಂಗಳೂರಿನ ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು ದೋಣಿಗಾಲಿನಲ್ಲಿ ಇಳಿದು, ಹಳಿಯ ದಾರಿ ಹಿಡಿದು ಘಾಟಿಯ ನಡುವಿನ ಎಡಕುಮೇರಿ ಸ್ಟೇಷನ್ನಿನ ಕಡೆಗೆ ನಡೆಯತೊಡಗಿದರು. ಗ್ರೀನ್ ರೂಟ್ ಅನ್ನುವ ಹೆಸರು ಬಾಯಿಂದ ಬಾಯಿಗೆ ಹರಡಿತು. ರೈಲು ಶುರುವಾದ ಮೇಲೂ ನಡೆಯುವವರು ನಿಲ್ಲಲಿಲ್ಲ. ಅದು ಸುಮ್ನೆ ಹುಡುಗಾಟವಲ್ಲ. ಸುರಂಗದ ಒಳಗೆ ಟಾರ್ಚ್ ಬಿಟ್ಟರೆ ಬೆಳಕಿಲ್ಲ. ಸೇತುವೆಯ ಮೇಲೆ ಹೆಜ್ಜೆ ಇಡುವ ಸ್ಲೀಪರುಗಳ ನಡುವೆ ಕೆಳಗಿನ ಹೊಳೆ ಕಾಣುತ್ತದೆ. ಗಾಡಿ ಬಂದರೆ ಸರಿದು ನಿಲ್ಲಲು ಅಲ್ಲಲ್ಲಿ ಒಂದು ಸಣ್ಣ ಕಟ್ಟೆ, ಸುರಂಗದ ಗೋಡೆಯಲ್ಲಿ ಒಂದು ಗೂಡು. ಅವು ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್‌ಗಳಿಗೆ ಅಂತ ಮಾಡಿದ್ದು, ನಮಗಲ್ಲ. ರೈಲ್ವೆಯವರು ಇದನ್ನು ನಿಷೇಧಿಸಿದರು. ಹಳಿಯ ಮೇಲೆ ಅತಿಕ್ರಮ ನಡೆದರೆ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಷೇಧ ಸರಿಯೇ ಅನ್ನುತ್ತೇನೆ, ಬೇಸರವಾದರೂ.

ಈಗ ಕೂತೇ ನೋಡಬೇಕು. ಸುಮಾರು 55 ಕಿಲೋಮೀಟರ್ ದಾರಿ, 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. ಕಡಿದಾದ ಕಡೆ 50 ಮೀಟರ್ ಹೋಗುವಷ್ಟರಲ್ಲಿ 1 ಮೀಟರ್ ಇಳಿಜಾರು. ಹಾಗಾಗಿ ಗಾಡಿ ನಿಧಾನ, ಏರುವ ಗಾಡಿಗೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಹಚ್ಚುತ್ತಾರೆ. ಸುರಂಗ ಬಂದ ಕೂಡಲೇ ಬೋಗಿಯ ಹುಡುಗರೆಲ್ಲ ಒಟ್ಟಿಗೆ ಕೂಗು ಹಾಕುತ್ತಾರೆ, ಹೊರಗೆ ಬಂದಾಗ ಎಲ್ಲರೂ ಸುಮ್ಮನಾಗುತ್ತಾರೆ. ಸ್ವಲ್ಪ ಹೊತ್ತಿಗೆ ಮತ್ತೆ ಕತ್ತಲು, ಮತ್ತೆ ಕೂಗು. ದೊಡ್ಡವರೂ ಕೂಗುತ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೆ.

2021ರ ಜುಲೈನಲ್ಲಿ ಬೆಂಗಳೂರು–ಮಂಗಳೂರು ಹಗಲು ಗಾಡಿಗೆ ವಿಸ್ಟಾಡೋಮ್ ಬೋಗಿ ಸೇರಿಸಿದರು. ದೊಡ್ಡ ಗಾಜಿನ ಕಿಟಕಿ, ಗಾಜಿನ ಚಾವಣಿ, ತಿರುಗುವ 44 ಸೀಟು. ಬಂದರಿನ ಸರಕಿಗೆ ಅಂತ ಹಾಕಿದ ಹಳಿಯ ಮೇಲೆ ಬರೀ ನೋಡುವವರಿಗೇ ಅಂತ ಒಂದು ಬೋಗಿ ಬಂತು. ಚೆನ್ನಾಗಿದೆ, ಆದರೆ ದುಬಾರಿ. ನನಗಂತೂ ಎರಡನೇ ದರ್ಜೆಯ ಕಿಟಕಿಯೇ ವಾಸಿ. ಅಲ್ಲಿ ಗಾಜಿಲ್ಲ, ಮಳೆ ಹನಿ ಮುಖಕ್ಕೇ ಬೀಳುತ್ತದೆ, ಬ್ರೇಕ್ ಕಾದ ವಾಸನೆಯೂ ಬರುತ್ತದೆ.

ಒಂದು ತೊಡಕಿದೆ. ಜಲಪಾತ ತುಂಬುವ ಕಾಲವೇ ಗುಡ್ಡ ಜಾರುವ ಕಾಲ. 2018ರ ಮಳೆಗಾಲದಲ್ಲೂ 2024ರ ಜುಲೈನಲ್ಲೂ ಹಳಿಯ ಬುಡ ಕುಸಿದು ಗಾಡಿಗಳು ನಿಂತವು. ಗಟ್ಟಿ ಮಳೆಯ ದಿನ ಹೊರಡುವ ಮುಂಚೆ ಗಾಡಿ ಓಡುತ್ತಿದೆಯಾ ಅಂತ ವಿಚಾರಿಸಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆದರೆ ಮಳೆ ಇಳಿದಿರುತ್ತದೆ, ಹೊಳೆಗಳು ಇನ್ನೂ ತುಂಬಿರುತ್ತವೆ. ಟಿಕೆಟ್ ತೆಗೆಸುವಾಗ ಹಗಲು ಗಾಡಿಯನ್ನೇ ಕೇಳಿ. ಬೆಂಗಳೂರಿನಿಂದ ರಾತ್ರಿ ಹೊರಡುವ ಗಾಡಿ ಹತ್ತಿದರೆ ಘಾಟಿಯೆಲ್ಲ ಕತ್ತಲಲ್ಲೇ ಕಳೆದುಹೋಗುತ್ತದೆ, ಸುರಂಗ ಯಾವುದು ಕಾಡು ಯಾವುದು ಗೊತ್ತಾಗುವುದಿಲ್ಲ. ಸುಬ್ರಹ್ಮಣ್ಯ ರೋಡಿನಲ್ಲಿ, ಅಂದರೆ ನೆಟ್ಟಣದಲ್ಲಿ ಇಳಿದರೆ ಹೊರಗಡೆ ಕುಕ್ಕೆಗೆ ಜೀಪು, ಬಸ್ಸು ಸಿಗುತ್ತವೆ.

ನಮಸ್ಕಾರ.