ತಾನಾಗಿಯೇ ಸರಿಹೋಗುವ ಕಂಪ್ಯೂಟರ್ ಜಾಲ

ಕೇಳುಗ ಮಿತ್ರರಿಗೆ ನಮಸ್ಕಾರ.

1980ರ ಅಕ್ಟೋಬರ್ 27ರಂದು ಇಂಟರ್ನೆಟ್ಟಿನ ಮೂಲವಾದ ಅರ್ಪಾನೆಟ್ ಕೆಲವು ಗಂಟೆ ಸ್ತಬ್ಧವಾಯಿತು. ಯಂತ್ರವೊಂದು ಸಂಖ್ಯೆ ಬರೆಯುವ 0, 1 ಅಂಕೆಗಳಲ್ಲಿ ಕೆಲವನ್ನು, ಅಂದರೆ ಕೆಲವು ಬಿಟ್‌ಗಳನ್ನು ಕಳೆದುಹಾಕಿತ್ತು. ಅದರಿಂದ ಜಾಲದಲ್ಲಿ 44, 40, 8 ಎಂಬ ಕ್ರಮಸಂಖ್ಯೆಯ ಮೂರು ಸಂದೇಶಗಳು ಒಟ್ಟಿಗೆ ಓಡಾಡತೊಡಗಿದವು. ಹೊಸ ಸಂಖ್ಯೆಯ ಸಂದೇಶ ಬಂದರೆ ಹಳೆಯದನ್ನು ಬಿಟ್ಟು ಹೊಸದನ್ನು ಪಕ್ಕದ ಯಂತ್ರಗಳಿಗೆ ಕಳಿಸಬೇಕು, ಇದು ನಿಯಮ. ಸಂಖ್ಯೆಗಳು 63 ಮುಟ್ಟಿದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಈ ಲೆಕ್ಕದಲ್ಲಿ 8ಕ್ಕಿಂತ 40 ಹೊಸದು, 40ಕ್ಕಿಂತ 44 ಹೊಸದು, 63 ದಾಟಿ ಸುತ್ತಿ ಬರುವ ದಾರಿಯೇ ಹತ್ತಿರವಾದ್ದರಿಂದ 44ಕ್ಕಿಂತ ಪುನಃ 8 ಹೊಸದು! ಸಂದೇಶಗಳು ಸುತ್ತುತ್ತಲೇ ಇದ್ದವು. ನಿಯಮ ಮುರಿದವರು ಯಾರೂ ಇಲ್ಲ, ಆದರೂ ಜಾಲ ಮೇಲೇಳಲಿಲ್ಲ. ಕೊನೆಗೆ ಮನುಷ್ಯರೇ ಕೈಹಾಕಬೇಕಾಯಿತು.

ಎಲ್ಲ ತಪ್ಪುಗಳನ್ನೂ ಮೊದಲೇ ಊಹಿಸಿ ಪಟ್ಟಿ ಮಾಡೋಕೆ ಆಗಲ್ಲ, ಅಲ್ವಾ? ಡಚ್ ವಿಜ್ಞಾನಿ ಎಡ್ಸ್ಖರ್ ಡೈಕ್‌ಸ್ಟ್ರ 1974ರಲ್ಲೇ, ಪುಟ್ಟದೊಂದು ಲೇಖನದಲ್ಲಿ, ಬೇರೆ ದಾರಿ ತೋರಿಸಿದ್ದರು. ತಪ್ಪು ಹೇಗಾಯಿತು ಅಂತ ಕೇಳಲೇಬೇಡಿ. ಯಾವ ಸ್ಥಿತಿಯಲ್ಲಿ ಬಿಟ್ಟರೂ ಸರಿಯಾದ ಸ್ಥಿತಿಗೆ ಬಂದು, ಅಲ್ಲೇ ಉಳಿಯುವಂತೆ ನಿಯಮ ಬರೆಯಿರಿ.

ನಾಲ್ಕು ಯಂತ್ರಗಳು ವೃತ್ತದಲ್ಲಿವೆ ಅಂದುಕೊಳ್ಳಿ. ಪ್ರತಿಯೊಂದರ ಬಳಿ 0ಯಿಂದ 4ರವರೆಗಿನ ಒಂದು ಸಂಖ್ಯೆ. ಒಂದು ಸಲಕ್ಕೆ ಒಂದಕ್ಕೇ ಕೆಲಸ ಮಾಡುವ ಸರದಿ ಸಿಗಬೇಕು. ಮೊದಲನೆಯದನ್ನು ಬಿಟ್ಟು ಉಳಿದವು ತಮ್ಮ ಹಿಂದಿನ ಯಂತ್ರದ ಸಂಖ್ಯೆ ನೋಡುತ್ತವೆ. ಬೇರೆ ಇದ್ದರೆ ಸರದಿ ತನ್ನದು; ಕೆಲಸ ಮುಗಿಸಿ ಆ ಸಂಖ್ಯೆಯನ್ನೇ ಬರೆದುಕೊಳ್ಳಬೇಕು. ಮೊದಲನೆಯದು ಮಾತ್ರ ಕೊನೆಯದನ್ನು ನೋಡುತ್ತದೆ. ಎರಡೂ ಒಂದೇ ಆಗಿದ್ದರೆ ಸರದಿ ತನ್ನದು. ಆಮೇಲೆ ತನ್ನ ಸಂಖ್ಯೆಗೆ ಒಂದು ಕೂಡಿಸಿಕೊಳ್ಳುತ್ತದೆ; 4 ಆದ ಮೇಲೆ ಮತ್ತೆ 0.

ಈಗ ಏನೋ ಕೆಟ್ಟು ಸಂಖ್ಯೆಗಳು 3, 1, 0, 1 ಆದವು. ಮೊದಲನೆಯದನ್ನು ಬಿಟ್ಟು ಉಳಿದ ಮೂರೂ ಯಂತ್ರಗಳು ಒಟ್ಟಿಗೆ ಸರದಿ ನನ್ನದು ಅನ್ನುತ್ತವೆ. ಮೊದಲನೆಯದು ಸುಮ್ನೆ ಕಾಯುತ್ತದೆ. ಅದರ 3 ಬೇರೆ ಯಾರಲ್ಲೂ ಇಲ್ಲ. ಹಾಗಾಗಿ ಕೊನೆಯ ಯಂತ್ರಕ್ಕೆ 3 ಮುಟ್ಟುವ ಹೊತ್ತಿಗೆ ಎಲ್ಲರ ಬಳಿಯೂ 3 ಇರುತ್ತದೆ. ಗಲಾಟೆ ಮುಗಿಯಿತು, ಸರದಿ ಒಂದೇ. ಮೊದಲನೆಯದರ ಸಂಖ್ಯೆ ಬೇರೆಯವರಲ್ಲೂ ಇದ್ದಿದ್ದರೆ? ಹೊಸ ಸಂಖ್ಯೆ ಹುಟ್ಟಿಸುವುದು ಅದೊಂದೇ. ಏರಿಸುತ್ತಾ ಹೋದರೆ, ಯಾರಲ್ಲೂ ಇಲ್ಲದ ಸಂಖ್ಯೆ ಸಿಕ್ಕೇ ಸಿಗುತ್ತದೆ. ಇಡೀ ಜಾಲವನ್ನು ಕಂಡವರು ಯಾರೂ ಇಲ್ಲ, ಆದರೂ ಜಾಲ ನೆಟ್ಟಗಾಯಿತು! ನನಗೆ ಇದಕ್ಕಿಂತ ಚೆಂದದ ಅಲ್ಗಾರಿದಮ್ ಗೊತ್ತಿಲ್ಲ.

ವಿಚಿತ್ರವೆಂದರೆ, ಸುಮಾರು ಒಂಬತ್ತು ವರ್ಷ ಇದನ್ನು ಹೆಚ್ಚು ಜನ ಗಮನಿಸಲಿಲ್ಲ. 1983ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ಭಾಷಣವೊಂದರಲ್ಲಿ ಮನಸಾರೆ ಹೊಗಳಿದ ಮೇಲೆ ಸಂಶೋಧಕರು ಇತ್ತ ತಿರುಗಿದರು.

ಇದಕ್ಕೂ ಮಿತಿಗಳಿವೆ. ಸಂಖ್ಯೆಗಳು ಕೆಡಬಹುದು, ನಿಯಮವೇ ಕೆಡಬಾರದು. ಜಾಲ ದಾರಿಗೆ ಬರುವ ಮುನ್ನ ಎರಡು ಯಂತ್ರಗಳು ಒಟ್ಟಿಗೆ ಕೆಲಸ ಮಾಡಿ ಹಾಳುಮಾಡಿದ್ದನ್ನು ಈ ವಿಧಾನ ವಾಪಸ್ ತರುವುದಿಲ್ಲ. ಜಾಲ ಸರಿಹೋಗಿದೆಯೋ ಇಲ್ಲವೋ ಎಂಬುದು ಒಳಗಿರುವ ಯಂತ್ರಕ್ಕೂ ತಿಳಿಯುವುದಿಲ್ಲ. ತನ್ನ ಪಕ್ಕದ ಸಂಖ್ಯೆಯೊಂದೇ ಅದಕ್ಕೆ ಕಾಣುವುದು.

ನಮಸ್ಕಾರ.