ಸುಣ್ಣಗಟ್ಟಿದ ಹೃದಯನಾಳ: ಸ್ಟೆಂಟ್ ಹಾಕುವ ಮುನ್ನ

ಮಾನ್ಯರೇ,

ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದೆ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಮೆತ್ತನೆಯ ಕೊಬ್ಬು. ಆದರೆ ವಯಸ್ಸಾದವರಲ್ಲಿ, ಬಹುಕಾಲದಿಂದ ಮಧುಮೇಹ ಇರುವವರಲ್ಲಿ, ಅದಕ್ಕಿಂತ ಹೆಚ್ಚಾಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರಲ್ಲಿ, ಮೂಳೆಯಲ್ಲಿರುವಂಥದೇ ಕ್ಯಾಲ್ಸಿಯಂ ಖನಿಜವು ನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಕೂಡುತ್ತಾ ಹೋಗಿ ಅದನ್ನು ಗಡುಸಾಗಿಸಿರುತ್ತದೆ. ಇಂತಹ ನಾಳವನ್ನು ಎದೆ ತೆರೆಯದೆ, ರಕ್ತನಾಳದೊಳಗೆ ತೂರಿಸುವ ತೆಳು ಕೊಳವೆಯಾದ ಕ್ಯಾಥೆಟರ್ ಮೂಲಕವೇ ಹೇಗೆ ತೆರವು ಮಾಡುತ್ತಾರೆ ಎಂಬುದು ಇಂದಿನ ವಿಷಯ.

1977ರಲ್ಲಿ ಜ್ಯೂರಿಕ್‌ನಲ್ಲಿ ವೈದ್ಯ ಆಂಡ್ರಿಯಾಸ್ ಗ್ರುಂಟ್ಸಿಗ್ ಮೊದಲ ಬಾರಿಗೆ ಹೃದಯನಾಳವನ್ನು ಬಲೂನಿನಿಂದ ಹಿಗ್ಗಿಸಿದಾಗ, ಆ ವಿಧಾನ ನೆಚ್ಚಿಕೊಂಡಿದ್ದು ಗೋಡೆಯ ಬಾಗುವ ಗುಣವನ್ನು. ಗೋಡೆ ಬಾಗದಿದ್ದರೆ ಬಲೂನ್ ಸುಮ್ಮನಿರುವುದಿಲ್ಲ. ಗಟ್ಟಿ ಭಾಗದಲ್ಲಿ ನಡು ಬಿಗಿದುಕೊಂಡು, ಮೆತ್ತಗಿರುವ ಕಡೆಗೆ ಉಬ್ಬಿ ಅಲ್ಲಿ ನಾಳವನ್ನು ಸೀಳಬಹುದು. ಆ ಸ್ಥಿತಿಯಲ್ಲೇ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಲೋಹದ ಜಾಲರಿ ಕೊಳವೆ, ಕೂರಿಸಿದರೆ ಅದು ಪೂರ್ತಿ ಅರಳುವುದಿಲ್ಲ. ಅರೆಬರೆ ಅರಳಿದ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟುವ, ನಾಳ ಮತ್ತೆ ಕಿರಿದಾಗುವ ಅಪಾಯ ಹೆಚ್ಚು. ಒಮ್ಮೆ ಅರಳಿಸಿದ ಸ್ಟೆಂಟನ್ನು ಹಿಂದಕ್ಕೆ ತೆಗೆಯುವುದು ಸಾಮಾನ್ಯವಾಗಿ ಸಾಧ್ಯವಿಲ್ಲ, ಅದರ ಹಿಂದೆ ಸಿಕ್ಕಿಕೊಂಡ ಕ್ಯಾಲ್ಸಿಯಂ ಅನ್ನು ಒಡೆಯುವುದು ಇನ್ನೂ ಕಷ್ಟ. ಆದ್ದರಿಂದ ನನ್ನ ಮಟ್ಟಿಗೆ ಈ ಚಿಕಿತ್ಸೆಯ ನಿಜವಾದ ಕೆಲಸವೆಲ್ಲ ಸ್ಟೆಂಟಿಗಿಂತ ಮೊದಲೇ ನಡೆಯುತ್ತದೆ.

ಆ ಕೆಲಸದಲ್ಲಿ ಮೊದಲನೆಯದು ನೋಡುವುದು. ಆಂಜಿಯೋಗ್ರಾಂ ತೋರಿಸುವುದು ರಕ್ತ ಹರಿಯುವ ದಾರಿಯನ್ನು, ಗೋಡೆಯನ್ನಲ್ಲ. ಎಕ್ಸ್-ರೇಯಲ್ಲಿ ನಾಳ ಕಾಣಲೆಂದು ಡೈ ಬಿಡುವ ಮೊದಲೇ ಹೃದಯದ ಬಡಿತದೊಂದಿಗೆ ಅಲುಗುವ ಕಪ್ಪು ಗೆರೆಗಳು ಕಂಡರೆ ಕ್ಯಾಲ್ಸಿಯಂ ಬಹಳವಿದೆ ಎಂದು ತಿಳಿಯಬಹುದು. ಕಾಣದಿದ್ದರೆ ಇಲ್ಲವೆಂದು ಹೇಳಲಾಗದು. ನಾಳದೊಳಗೇ ಇಳಿಸುವ ಅಲ್ಟ್ರಾಸೌಂಡ್, ಅಂದರೆ ಐವಿಯುಎಸ್, ಕ್ಯಾಲ್ಸಿಯಂ ನಾಳವನ್ನು ಎಷ್ಟು ಸುತ್ತುವರಿದಿದೆ ಎಂಬುದನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಶಬ್ದದ ಅಲೆ ಅಲ್ಲಿಗೇ ತಡೆದುಹೋಗುವುದರಿಂದ ಅದರ ದಪ್ಪ ತಿಳಿಯುವುದಿಲ್ಲ. ಬೆಳಕನ್ನು ಬಳಸುವ ಓಸಿಟಿಯಲ್ಲಿ ದಪ್ಪವೂ ಕಾಣುತ್ತದೆ. ಅದಕ್ಕೆ ರಕ್ತವನ್ನು ಕ್ಷಣಕಾಲ ಪಕ್ಕಕ್ಕೆ ಸರಿಸಲು ಹೆಚ್ಚುವರಿ ಡೈ ಬೇಕಾಗುವುದರಿಂದ, ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಯೋಚಿಸಿ ಬಳಸಬೇಕು. ಕ್ಯಾಲ್ಸಿಯಂ 180 ಡಿಗ್ರಿಗಿಂತ ಹೆಚ್ಚು ಸುತ್ತಿದ್ದು, 0.5 ಮಿ.ಮೀ.ಗಿಂತ ದಪ್ಪವಿದ್ದು, 5 ಮಿ.ಮೀ.ಗಿಂತ ಉದ್ದಕ್ಕೆ ಹಬ್ಬಿದ್ದರೆ ಸ್ಟೆಂಟ್ ಸರಿಯಾಗಿ ಅರಳದಿರುವ ಸಂಭವ ಹೆಚ್ಚೆಂದು ತಜ್ಞರು ಲೆಕ್ಕ ಹಾಕುತ್ತಾರೆ.

ಕ್ಯಾಲ್ಸಿಯಂ ಕಡಿಮೆಯಿದ್ದರೆ ಅಧಿಕ ಒತ್ತಡದ ಗಟ್ಟಿ ಬಲೂನ್ ಅಥವಾ ಮೈಮೇಲೆ ಸಣ್ಣ ಅಲಗುಗಳಿರುವ ಕಟಿಂಗ್ ಬಲೂನ್ ಸಾಕಾಗುತ್ತದೆ. ಬಲೂನೇ ಒಳಗೆ ನುಗ್ಗದಂತಹ ನಾಳಕ್ಕೆ ರೋಟಾಬ್ಲೇಟರ್ ಬೇಕು. ತುದಿಯಲ್ಲಿ ವಜ್ರದ ಕಣಗಳನ್ನು ಕೂರಿಸಿದ ಪುಟ್ಟ ಬರ್ (ಉಜ್ಜುವ ಗುಂಡು ತುದಿ) ನಿಮಿಷಕ್ಕೆ ಸುಮಾರು 1,40,000ದಿಂದ 1,80,000 ಸುತ್ತು ತಿರುಗುತ್ತದೆ. ಕ್ಷೌರದ ಕತ್ತಿ ಕೂದಲನ್ನು ಕತ್ತರಿಸಿ ಚರ್ಮವನ್ನು ಬಿಡುವಂತೆ, ಅದು ಗಡುಸಾದುದನ್ನು ಉಜ್ಜಿ ತೆಗೆದು, ಬಾಗುವ ಗೋಡೆಯನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಉದುರುವ ಪುಡಿ ಬಹುತೇಕ ಕೆಂಪು ರಕ್ತಕಣಕ್ಕಿಂತ ಸಣ್ಣದು. ನುರಿತ ವೈದ್ಯರು ಬರ್ ಅನ್ನು ಒತ್ತಿ ತಳ್ಳುವುದಿಲ್ಲ. ಮುಟ್ಟಿ ಹಿಂದಕ್ಕೆಳೆದು, ಮತ್ತೆ ಮುಟ್ಟಿ, ಕೆಲವೇ ಸೆಕೆಂಡು ಓಡಿಸಿ ನಿಲ್ಲಿಸುತ್ತಾರೆ. ಸದ್ದು ಕುಗ್ಗಿತೆಂದರೆ ವೇಗ ಇಳಿದಿದೆ ಎಂದರ್ಥ, ಆಗ ಕೈ ತಕ್ಷಣ ಹಿಂದೆ ಬರಬೇಕು. ಇಲ್ಲವಾದರೆ ಬರ್ ಸಿಕ್ಕಿಕೊಳ್ಳುವುದು, ನಾಳ ತೂತಾಗುವುದು, ರಕ್ತದ ಹರಿವು ನಿಧಾನವಾಗುವುದು, ಇವೆಲ್ಲ ನಿಜವಾಗಿಯೂ ಸಂಭವಿಸುವಂಥವು.

ಇತ್ತೀಚಿನದು ಲಿಥೋಟ್ರಿಪ್ಸಿ, ಮೂತ್ರಪಿಂಡದ ಕಲ್ಲು ಒಡೆಯುವ ತತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ದ್ರವ ತುಂಬಿದ ಬಲೂನನ್ನು ಕೇವಲ 4 ಅಟ್ಮಾಸ್ಫಿಯರ್ ಒತ್ತಡದಲ್ಲಿ ಗೋಡೆಗೆ ತಾಗಿಸಿ, ಒಳಗೆ ಕಿಡಿ ಹೊಮ್ಮಿಸಿದಾಗ ಏಳುವ ಒತ್ತಡದ ಅಲೆ ಮೆತ್ತನೆಯ ಭಾಗವನ್ನು ದಾಟಿ ಆಳದ ಕ್ಯಾಲ್ಸಿಯಂನಲ್ಲಿ ಬಿರುಕು ಮೂಡಿಸುತ್ತದೆ. ಅಮೆರಿಕದಲ್ಲಿ ಹೃದಯನಾಳಕ್ಕೆ ಇದನ್ನು ಬಳಸಲು 2021ರಲ್ಲಿ ಅನುಮತಿ ದೊರೆಯಿತು. ಕಲಿಯಲು ಸುಲಭವೆಂಬುದು ಇದರ ದೊಡ್ಡ ಆಕರ್ಷಣೆ. ಆದರೆ ಬಲೂನ್ ಒಳಹೋದರೆ ತಾನೇ ಅಲೆ ಏಳುವುದು? ಹೀಗಾಗಿ ಮೊದಲು ಬರ್‌ನಿಂದ ದಾರಿ ಮಾಡಿ, ನಂತರ ಲಿಥೋಟ್ರಿಪ್ಸಿ ನಡೆಸುವ ಪ್ರಸಂಗಗಳೂ ಇವೆ.

ಇಷ್ಟು ಉಪಕರಣಗಳಿವೆಯೆಂದು ಎಲ್ಲರಿಗೂ ಅವನ್ನು ಬಳಸಬೇಕಿಲ್ಲ. ಅಮೆರಿಕದಲ್ಲಿ ಸುಮಾರು 2,000 ರೋಗಿಗಳ ಮೇಲೆ ನಡೆದ ಎಕ್ಲಿಪ್ಸ್ ಅಧ್ಯಯನದ ಫಲಿತಾಂಶ 2024ರಲ್ಲಿ ಹೊರಬಂದಾಗ, ಕ್ಯಾಲ್ಸಿಯಂ ಅನ್ನು ಮೊದಲು ಉಜ್ಜಿ ತೆಗೆಯುವ ಆರ್ಬಿಟಲ್ ವಿಧಾನವು (ರೋಟಾಬ್ಲೇಟರ್‌ನಂತೆಯೇ ತಿರುಗುವ ಇನ್ನೊಂದು ಉಪಕರಣ) ಬಲೂನಿನಿಂದ ಸಿದ್ಧಪಡಿಸುವುದಕ್ಕಿಂತ ಮೇಲೆಂದು ತೋರಲಿಲ್ಲ. ಇದರ ಅರ್ಥ ಉಜ್ಜುವುದು ವ್ಯರ್ಥ ಎಂದಲ್ಲ: ಯಾವ ನಾಳವನ್ನು ಬಲೂನ್ ಒಂದರಿಂದಲೇ ಸಿದ್ಧಪಡಿಸಲು ಆಗದೋ ಅಂಥವು ಅಂತಹ ಹೋಲಿಕೆಯಿಂದ ಹೊರಗುಳಿಯುತ್ತವೆ.

ಇನ್ನು ಒಂದು ಬಗೆಯ ಕ್ಯಾಲ್ಸಿಯಂ ಈ ಎಲ್ಲ ಉಪಾಯಗಳಿಗೂ ಸುಲಭವಾಗಿ ಜಗ್ಗುವುದಿಲ್ಲ. ಗಂಟಿನಂತೆ ನಾಳದೊಳಕ್ಕೆ ಚಾಚಿಕೊಂಡಿರುವ ಕ್ಯಾಲ್ಸಿಫೈಡ್ ನಾಡ್ಯೂಲ್‌ಗಳಲ್ಲಿ ಸ್ಟೆಂಟ್ ಆ ದಿನ ಚೆನ್ನಾಗಿ ಅರಳಿದ್ದರೂ, ಕೆಲವು ತಿಂಗಳಲ್ಲಿ ಗಂಟು ಅದರ ಜಾಲರಿಯ ನಡುವಿನಿಂದಲೇ ಮತ್ತೆ ತಲೆ ಹಾಕಬಹುದು. ಇಂತಹವರಲ್ಲಿ, ಅದರಲ್ಲೂ ಹಲವು ನಾಳಗಳು ಕೆಟ್ಟಿದ್ದಾಗ, ಬೈಪಾಸ್ ಶಸ್ತ್ರಚಿಕಿತ್ಸೆಯ ಮಾತನ್ನು ಈ ಚಿಕಿತ್ಸೆ ನಡೆಯುವ ಕ್ಯಾಥ್ ಲ್ಯಾಬ್‌ಗೆ ಹೋಗುವ ಮೊದಲೇ ರೋಗಿಯೊಂದಿಗೆ ಆಡಿ ಮುಗಿಸಿರಬೇಕು.